ಪಾದರಕ್ಷೆ ತಯಾರಿಕೆಗೆ ಬಳಸಿದ ಹೊಲಿಗೆ ಯಂತ್ರದ ಖರೀದಿ: ಹೊಸದಾಗಿ ಬೂಟು ತಯಾರಿಕೆ ಆರಂಭಿಸುವ ಕುಶಲಕರ್ಮಿಗಳಿಗೆ ಮಾಹಿತಿ

1. ಪೀಠಿಕೆ

ಚರ್ಮದ ಬೂಟು ತಯಾರಿಕೆಯನ್ನು ಸ್ವಯಂ ಉದ್ಯೋಗವಾಗಿ ಕೈಗೊಳ್ಳಲು ಇಚ್ಛಿಸುವವರು ಮೊದಲಿಗೆ ಎದುರಿಸುವ ದೊಡ್ಡ ವೆಚ್ಚವು ಹೊಲಿಗೆ ಯಂತ್ರದ್ದಾಗಿರುತ್ತದೆ. ಹೊಸ ಕೈಗಾರಿಕಾ ಯಂತ್ರದ ಬೆಲೆಯು ಅನೇಕರ ಶಕ್ತಿಗೆ ಮೀರಿರುವುದರಿಂದ ಬಳಸಿದ ಯಂತ್ರವನ್ನು ಕೊಳ್ಳುವುದು ಸಹಜವಾಗಿದೆ. ಆದರೆ ಕೆಲಸಕ್ಕೆ ಹೊಂದದ ಯಂತ್ರವನ್ನು ಕಡಿಮೆ ಬೆಲೆಗೆ ಕೊಂಡಲ್ಲಿ, ಅಲ್ಪ ಬಂಡವಾಳವು ಯಂತ್ರದಲ್ಲಿಯೇ ಸಿಲುಕಿ, ಸಾಲದ ಕಂತು ಆರಂಭವಾಗುವ ವೇಳೆಗೆ ಉತ್ಪಾದನೆಯೇ ಆರಂಭವಾಗಿರುವುದಿಲ್ಲ.

ರಾಜ್ಯದಲ್ಲಿ ಚರ್ಮದ ಕೆಲಸಕ್ಕೆ ದೀರ್ಘ ಪರಂಪರೆಯಿದೆ. 2019ರಲ್ಲಿ ಭೌಗೋಳಿಕ ಸೂಚಿಕೆ ಮಾನ್ಯತೆ ಪಡೆದ ಕೊಲ್ಹಾಪುರಿ ಚಪ್ಪಲಿಯ ತಯಾರಿಕಾ ಪ್ರದೇಶದಲ್ಲಿ ಮಹಾರಾಷ್ಟ್ರದ 4 ಜಿಲ್ಲೆಗಳೊಂದಿಗೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳು ಸೇರಿವೆ. ಸಾಂಪ್ರದಾಯಿಕ ಕೊಲ್ಹಾಪುರಿ ಚಪ್ಪಲಿಯನ್ನು ಚರ್ಮದ ಎಳೆಯಿಂದಲೇ ಕೈಯಲ್ಲಿ ಹೊಲಿಯಲಾಗುತ್ತದೆ. ಅದಕ್ಕೆ ಯಂತ್ರದ ಅವಶ್ಯಕತೆ ಇಲ್ಲ. ಬೂಟಿನ ರಚನೆಯು ಇದಕ್ಕಿಂತ ಭಿನ್ನವಾಗಿದ್ದು, ಅದರ ಮೇಲ್ಭಾಗವು ಹಲವು ತುಂಡುಗಳು ಮತ್ತು ಅಸ್ತರುಗಳಿಂದ ಕೂಡಿರುತ್ತದೆ. ಆದುದರಿಂದ ಚಪ್ಪಲಿಯಿಂದ ಬೂಟಿಗೆ ಮುಂದುವರಿಯುವ ಅನುಭವಿ ಕುಶಲಕರ್ಮಿಗಳಿಗೂ ಯಂತ್ರದ ಆಯ್ಕೆಯು ಹೊಸ ವಿಷಯವೇ ಆಗಿದೆ.

ಈ ಮಾಹಿತಿಯ ಸಾರಾಂಶವಿಷ್ಟೆ: ತಮ್ಮ ಕೆಲಸದ ಚರ್ಮವನ್ನು ಹೊಲಿಯಬಲ್ಲ, ಸೂಜಿ ಮತ್ತು ಬಿಡಿಭಾಗಗಳು ಸಮೀಪದಲ್ಲಿ ದೊರೆಯುವ, ರಿಪೇರಿ ಮಾಡುವವರು ಲಭ್ಯವಿರುವ ಯಂತ್ರವೇ ಅಗ್ಗದ ಯಂತ್ರ. ಮಾರಾಟಗಾರರು ಹೇಳುವ ಬೆಲೆಯು ವೆಚ್ಚದ ಒಂದು ಭಾಗ ಮಾತ್ರ.

2. ಯಂತ್ರದಿಂದ ಮಾಡಬೇಕಾದ ಕೆಲಸವನ್ನು ಮೊದಲು ಗೊತ್ತುಪಡಿಸಿಕೊಳ್ಳುವುದು

ಬೂಟಿನಲ್ಲಿ ಎರಡು ಬಗೆಯ ಹೊಲಿಗೆಗಳಿವೆ. ಒಂದು, ಮೇಲ್ಭಾಗದ ತುಂಡುಗಳನ್ನು ಜೋಡಿಸುವ ಹೊಲಿಗೆ. ಎರಡು, ಮೇಲ್ಭಾಗವನ್ನು ಅಟ್ಟೆಗೆ ಸೇರಿಸುವ ಹೊಲಿಗೆ. ಇವೆರಡನ್ನೂ ಒಂದೇ ಯಂತ್ರವು ಮಾಡಲಾರದು. ಅಟ್ಟೆ ಹೊಲಿಯುವ ಯಂತ್ರವು ಪ್ರತ್ಯೇಕವಾದುದು, ಭಾರವಾದುದು ಮತ್ತು ದುಬಾರಿಯಾದುದು. ಹೊಸಬರು ಅಟ್ಟೆಯನ್ನು ಉಳಿ, ದಬ್ಬಳ ಮತ್ತು ಮೇಣದ ದಾರದಿಂದ ಕೈಯಲ್ಲಿಯೇ ಹೊಲಿಯಬಹುದು ಅಥವಾ ಆ ಕೆಲಸವನ್ನು ಕೂಲಿ ಆಧಾರದ ಮೇಲೆ ಬೇರೆಡೆ ಮಾಡಿಸಬಹುದು. ಆದ್ದರಿಂದ ಮೊದಲ ಯಂತ್ರವನ್ನು ಮೇಲ್ಭಾಗದ ಹೊಲಿಗೆಗೆಂದೇ ಆರಿಸತಕ್ಕದ್ದು. "ಅಟ್ಟೆಯನ್ನೂ ಹೊಲಿಯುತ್ತದೆ" ಎಂಬ ಮಾತಿಗೆ ಹೆಚ್ಚುವರಿ ಹಣ ನೀಡುವ ಅಗತ್ಯವಿಲ್ಲ.

ಬೂಟಿನ ಮೇಲ್ಭಾಗಕ್ಕೆ ಸಾಮಾನ್ಯವಾಗಿ 1.8ರಿಂದ 2.2 ಮಿಲಿಮೀಟರ್ ದಪ್ಪದ ಚರ್ಮವನ್ನೂ, ಅಸ್ತರಿಗೆ ಸುಮಾರು 1 ಮಿಲಿಮೀಟರ್ ದಪ್ಪದ ಚರ್ಮವನ್ನೂ ಬಳಸಲಾಗುತ್ತದೆ. ಎರಡು ತುಂಡುಗಳು ಮತ್ತು ಅಸ್ತರು ಒಂದರ ಮೇಲೊಂದು ಬರುವ ಸ್ಥಳದಲ್ಲಿ ಒಟ್ಟು ದಪ್ಪವು 5 ಮಿಲಿಮೀಟರ್ ತಲುಪಬಹುದು. ಅಂಚುಗಳನ್ನು ರಂಪಿಗೆಯಿಂದ ಹೆರೆದು ತೆಳುವಾಗಿಸಿದಲ್ಲಿ ಇದೇ ಜೋಡಣೆಯು 3 ಮಿಲಿಮೀಟರ್‌ನ ಆಸುಪಾಸಿಗೆ ಇಳಿಯುತ್ತದೆ. ಅಂಚು ಹೆರೆಯುವುದನ್ನು ಚೆನ್ನಾಗಿ ಬಲ್ಲವರಿಗೆ ಮಧ್ಯಮ ಸಾಮರ್ಥ್ಯದ ಯಂತ್ರವೇ ಸಾಕಾಗುತ್ತದೆ. ಈ ಕೈಕೆಲಸವನ್ನು ಕಲಿಯಲು ಖರ್ಚು ಮಾಡುವ ಒಂದು ವಾರವು ಯಂತ್ರದ ಬೆಲೆಯಲ್ಲಿ ಸಾವಿರಾರು ರೂಪಾಯಿಗಳನ್ನು ಉಳಿಸಬಲ್ಲದು.

3. ಲಭ್ಯವಿರುವ ಯಂತ್ರಗಳ ವಿಧಗಳು

3.1 ಮನೆ ಬಳಕೆಯ ಯಂತ್ರ: ಕಪ್ಪು ಎರಕದ ಹಳೆಯ ಮನೆ ಯಂತ್ರಗಳು ಗಟ್ಟಿಮುಟ್ಟಾಗಿ ಕಾಣುವುದರಿಂದ ಅವು ಚರ್ಮವನ್ನು ಹೊಲಿಯುತ್ತವೆ ಎಂದು ಪ್ರಚಾರ ಮಾಡಿ ಮಾರುವುದುಂಟು. ಚರ್ಮದ ಸೂಜಿ ಹಾಕಿ ತೆಳು ಅಸ್ತರು ಅಥವಾ ಮೃದುವಾದ ಕೈಚೀಲದ ಚರ್ಮವನ್ನು ಇವುಗಳಲ್ಲಿ ಹೊಲಿಯಬಹುದು. ಆದರೆ ಒತ್ತು ಪಾದವು ಏಳುವ ಎತ್ತರ, ದಾರದ ದಪ್ಪ ಮತ್ತು ಚರ್ಮವನ್ನು ಎಳೆಯುವ ಶಕ್ತಿ, ಈ ಮೂರೂ ಬೂಟಿನ ಕೆಲಸಕ್ಕೆ ಸಾಲುವುದಿಲ್ಲ. ಈಗಾಗಲೇ ಮನೆಯಲ್ಲಿದ್ದಲ್ಲಿ ಅಭ್ಯಾಸಕ್ಕೆ ಬಳಸಬಹುದು. ಬೂಟಿಗಾಗಿ ಕೊಳ್ಳುವುದು ಸೂಕ್ತವಲ್ಲ.

3.2 ದರ್ಜಿಗಳ ಭಾರಿ ಯಂತ್ರ: ಸಿಂಗರ್ 31ಕೆ ಮಾದರಿ ಮತ್ತು ಅದನ್ನು ಹೋಲುವ ಯಂತ್ರಗಳು ಈ ವರ್ಗಕ್ಕೆ ಸೇರುತ್ತವೆ. ಇವುಗಳಲ್ಲಿ ಚರ್ಮವನ್ನು ಕೆಳಗಿನ ಹಲ್ಲು ಮಾತ್ರ ಮುಂದಕ್ಕೆ ಎಳೆಯುತ್ತದೆ. ಮೇಲಿನ ಪದರವು ಒತ್ತು ಪಾದಕ್ಕೆ ಅಂಟಿ ಹಿಂದುಳಿಯುವ ಸಂಭವವಿರುತ್ತದೆ. ಉರುಳು ಪಾದವನ್ನು ಜೋಡಿಸಿದಲ್ಲಿ ಈ ದೋಷವು ಬಹಳಷ್ಟು ಕಡಿಮೆಯಾಗುತ್ತದೆ. ತೆಳು ಚರ್ಮದ ಷೂ, ಅಸ್ತರು ಮತ್ತು ಚೆನ್ನಾಗಿ ಹೆರೆದ ಅಂಚುಗಳಿಗೆ ಉಪಯುಕ್ತ. ಕಾಲಿನಿಂದ ತುಳಿದು ನಡೆಸಬಹುದಾದ್ದರಿಂದ ವಿದ್ಯುತ್ ಕಡಿತದ ಸಮಯದಲ್ಲಿಯೂ ಕೆಲಸ ನಿಲ್ಲುವುದಿಲ್ಲ. ನಿಧಾನವಾಗಿ, ಒಂದೊಂದೇ ಹೊಲಿಗೆಯಾಗಿ ಸಾಗಲೂ ಸಾಧ್ಯ.

3.3 ತೇಪೆ ಯಂತ್ರ: ಸಿಂಗರ್ 29ಕೆ ಮಾದರಿಯು ಇದಕ್ಕೆ ಪ್ರಸಿದ್ಧ ಉದಾಹರಣೆ. ಇಲ್ಲಿ "ಕೆ" ಎಂಬುದು ಸ್ಕಾಟ್ಲೆಂಡಿನ ಕಿಲ್ಬೋವಿ ಕಾರ್ಖಾನೆಯನ್ನು ಸೂಚಿಸುತ್ತದೆ. ಆ ಕಾರ್ಖಾನೆಯು 1980ರಲ್ಲಿ ಮುಚ್ಚಲ್ಪಟ್ಟಿತು. ಆದುದರಿಂದ ಮೂಲ ಯಂತ್ರವೆಂದು ಮಾರಲಾಗುವ ಯಾವುದೇ 29ಕೆ ಯಂತ್ರವು 4 ದಶಕಗಳಿಗಿಂತ ಹಳೆಯದೇ ಆಗಿರುತ್ತದೆ. ಇದರ ಕಿರಿದಾದ ತೋಳು ಬೂಟಿನ ಒಳಕ್ಕೆ ಹೋಗಬಲ್ಲದು. ಒತ್ತು ಪಾದವೇ ಚರ್ಮವನ್ನು ಎಳೆಯುತ್ತದೆ ಮತ್ತು ಅದು ಪೂರ್ಣ ಸುತ್ತು ತಿರುಗುವುದರಿಂದ ಯಾವ ದಿಕ್ಕಿಗಾದರೂ ಹೊಲಿಯಬಹುದು. ರಿಪೇರಿ ಕೆಲಸಕ್ಕೆ ಇದಕ್ಕೆ ಸರಿಸಾಟಿ ಇಲ್ಲ. ಆದರೆ ಹಳೆಯ ಮಾದರಿಗಳ ಬಾಬಿನ್ ಅತಿ ಚಿಕ್ಕದು; ಎಳೆಯುವ ಬಲವೂ ಕಡಿಮೆ; ಉದ್ದನೆಯ ಸಾಲುಗಳಲ್ಲಿ ಹೊಲಿಗೆಯ ಅಂತರವು ಸಮವಾಗಿ ಬರುವುದು ಕಷ್ಟ. ರಿಪೇರಿಯಿಂದ ಜೀವನ ನಡೆಸುತ್ತಾ ಅಪರೂಪಕ್ಕೆ ಬೂಟು ತಯಾರಿಸುವವರಿಗೆ ಇದು ಯೋಗ್ಯ. ಹೊಸ ಬೂಟುಗಳನ್ನೇ ತಯಾರಿಸುವವರಿಗೆ ಎರಡನೆಯ ಯಂತ್ರವಾಗಿ ಯೋಗ್ಯ.

3.4 ನಡೆಯುವ ಪಾದದ ಸಪಾಟು ಯಂತ್ರ: ಕೆಳಗಿನ ಹಲ್ಲಿನೊಂದಿಗೆ ಮೇಲಿನ ಪಾದವೂ ಹೆಜ್ಜೆಯಿಡುತ್ತಾ ಚರ್ಮವನ್ನು ಸಾಗಿಸುತ್ತದೆ. ಜೂಕಿ ಡಿಯು-1181 ಮಾದರಿಯು ಈ ಬಗೆಯದು. ಹಳೆಯ ಸಿಂಗರ್ 111 ವರ್ಗದ ಕೆಲವು ಮಾದರಿಗಳಲ್ಲಿ ಸೂಜಿಯೂ ಚರ್ಮದೊಡನೆ ಚಲಿಸುತ್ತದೆ. ಚೀಲ ಹಾಗೂ ಆಸನಗಳ ಹೊದಿಕೆ ತಯಾರಿಕೆಯಲ್ಲಿ ಹೆಚ್ಚಾಗಿ ಬಳಸುವ ಯಂತ್ರಗಳಾದ್ದರಿಂದ ಇವುಗಳ ಸೂಜಿ, ಬಾಬಿನ್ ಮತ್ತು ರಿಪೇರಿಯವರು ಸುಲಭವಾಗಿ ದೊರೆಯುತ್ತಾರೆ. ಪದರಗಳು ಜಾರುವುದಿಲ್ಲ, ದಪ್ಪ ಏರುವಲ್ಲಿ ಯಂತ್ರವು ತಡವರಿಸುವುದಿಲ್ಲ. ಅಗಲವಾದ ಪಾದದಿಂದಾಗಿ ಚಿಕ್ಕ ತಿರುವುಗಳಲ್ಲಿ ಅಂಚು ಕಾಣುವುದು ಕಷ್ಟ ಮತ್ತು ಮೃದು ಚರ್ಮದ ಮೇಲೆ ಪಾದದ ಗುರುತು ಬೀಳಬಹುದು ಎಂಬುದು ಇವುಗಳ ಮಿತಿ.

3.5 ಕಂಬದ ಯಂತ್ರ: ಹೊಲಿಯುವ ಸ್ಥಳವು ಎತ್ತರದ ಕಂಬವೊಂದರ ತುದಿಯಲ್ಲಿರುತ್ತದೆ. ಪಾದರಕ್ಷೆ ಕಾರ್ಖಾನೆಗಳಲ್ಲಿ ಮೇಲ್ಭಾಗದ ಹೊಲಿಗೆಗೆ ಬಳಸುವುದು ಇದನ್ನೇ. ಫಾಫ್ 491 ಇದಕ್ಕೆ ಉದಾಹರಣೆ. ಚಿಕ್ಕ ಉರುಳು ಪಾದದಿಂದಾಗಿ ಅಂಚಿನಿಂದ 1.5 ಮಿಲಿಮೀಟರ್ ಅಂತರದಲ್ಲಿಯೂ ತಿರುವುಗಳನ್ನು ನಿಖರವಾಗಿ ಹೊಲಿಯಬಹುದು. ತಮಿಳುನಾಡಿನ ಆಂಬೂರು, ವಾಣಿಯಂಬಾಡಿ ಮತ್ತು ರಾಣಿಪೇಟೆಯಂತಹ ಚರ್ಮೋದ್ಯಮ ಕೇಂದ್ರಗಳು ರಾಜ್ಯದ ಗಡಿಗೆ ದೂರವಿಲ್ಲದ ಕಾರಣ, ಕಾರ್ಖಾನೆಗಳು ಬದಲಿಸಿದ ಇಂತಹ ಯಂತ್ರಗಳನ್ನು ಅಲ್ಲಿ ವಿಚಾರಿಸಬಹುದು. ಆದರೆ ಕಾರ್ಖಾನೆಯಲ್ಲಿ ದಿನವಿಡೀ ಓಡಿದ ಯಂತ್ರದ ಸವೆತವನ್ನು ಜಾಗರೂಕತೆಯಿಂದ ಪರಿಶೀಲಿಸತಕ್ಕದ್ದು.

4. ಹೊಸಬರಿಗೆ ಸಾಮಾನ್ಯ ಸಲಹೆ

ಹೊಸ ಬೂಟುಗಳ ತಯಾರಿಕೆಯೇ ಮುಖ್ಯ ಉದ್ದೇಶವಾಗಿದ್ದು, ಒಂದೇ ಯಂತ್ರಕ್ಕೆ ಹಣವಿದ್ದಲ್ಲಿ, ಸುಸ್ಥಿತಿಯಲ್ಲಿರುವ ನಡೆಯುವ ಪಾದದ ಸಪಾಟು ಯಂತ್ರವನ್ನು ಪರಿಗಣಿಸುವುದು ಸೂಕ್ತ. ಬೂಟಿನ ಹೆಚ್ಚಿನ ಹೊಲಿಗೆಗಳನ್ನು ತುಂಡುಗಳು ಇನ್ನೂ ಚಪ್ಪಟೆಯಾಗಿರುವಾಗಲೇ ಹಾಕಬಹುದು. ಮುಂಭಾಗದ ತುಂಡಿಗೆ ಎರಡೂ ಪಕ್ಕದ ತುಂಡುಗಳನ್ನು ಮೊದಲು ಸೇರಿಸಿ, ಹಿಮ್ಮಡಿಯ ಹೊಲಿಗೆಯನ್ನು ಕೊನೆಗೆ ಇಟ್ಟುಕೊಂಡಲ್ಲಿ ಸಪಾಟು ಯಂತ್ರದಿಂದಲೇ ಬಹುಪಾಲು ಕೆಲಸವು ಪೂರ್ಣಗೊಳ್ಳುತ್ತದೆ. ಹಿಮ್ಮಡಿಯ ಹೊರಪಟ್ಟಿಯಂತಹ ಅಲ್ಪ ಭಾಗವನ್ನು ಎರಡು ಸೂಜಿಗಳಿಂದ ಕೈಯಲ್ಲಿ ಹೊಲಿಯಬಹುದು. ಬೇಡಿಕೆಯು ಸ್ಥಿರವಾದ ನಂತರ ಕಂಬದ ಯಂತ್ರವನ್ನು ಕೊಳ್ಳಬಹುದು.

ಒಂದು ಜೊತೆಯನ್ನೂ ಪೂರ್ಣವಾಗಿ ತಯಾರಿಸದವರು ಯಂತ್ರ ಕೊಳ್ಳಲು ಆತುರಪಡಬಾರದು. ಒಂದೆರಡು ಜೊತೆಗಳನ್ನು ಸಂಪೂರ್ಣವಾಗಿ ಕೈಯಲ್ಲಿ ಹೊಲಿದು ನೋಡಿದಲ್ಲಿ, ಯಾವ ಹೊಲಿಗೆಗೆ ಯಂತ್ರ ಬೇಕು ಎಂಬುದು ಸ್ವತಃ ತಿಳಿಯುತ್ತದೆ.

5. ಸೂಜಿ ಮತ್ತು ದಾರದ ಹೊಂದಾಣಿಕೆ

ಯಂತ್ರವನ್ನು ನೋಡುವ ಮೊದಲು ಅದರ ಸೂಜಿಯ ಸರಣಿ ಸಂಖ್ಯೆಯನ್ನು ಕೇಳಿ ತಿಳಿಯಬೇಕು ಹಾಗೂ ಸಮೀಪದ ಅಂಗಡಿಯಲ್ಲಿ ಅದು ದೊರೆಯುವುದೇ ಎಂದು ವಿಚಾರಿಸಬೇಕು. ಡಿಯು-1181 ಮಾದರಿಯ ಯಂತ್ರಗಳಿಗೆ 135 × 17 ಸರಣಿ ಮತ್ತು ಅದೇ ಅಳತೆಯ, ಚರ್ಮ ಕತ್ತರಿಸುವ ಮೊನೆಯುಳ್ಳ 135 × 16 ಸರಣಿ ಹೊಂದುತ್ತವೆ. ಫಾಫ್ 491ಕ್ಕೆ 134-35 ಸರಣಿಯೂ, 29ಕೆ ವರ್ಗಕ್ಕೆ 29 × 3 ಹಾಗೂ 29 × 4 ಸರಣಿಗಳೂ ಬೇಕು. ಒಂದು ಸರಣಿಯ ಸೂಜಿಯನ್ನು ಇನ್ನೊಂದರ ಬದಲಿಗೆ ಬಳಸಲಾಗದು.

ದಾರಕ್ಕೆ ತಕ್ಕಂತೆ ಸೂಜಿಯ ಗಾತ್ರವು ಸ್ಥೂಲವಾಗಿ ಈ ಕೆಳಕಂಡಂತಿರುತ್ತದೆ:

• ಟೆಕ್ಸ್ 70 ದಾರ: 100ರಿಂದ 110 ಗಾತ್ರದ ಸೂಜಿ
• ಟೆಕ್ಸ್ 90 ದಾರ: 110ರಿಂದ 125 ಗಾತ್ರದ ಸೂಜಿ
• ಟೆಕ್ಸ್ 135 ದಾರ: 130ರಿಂದ 140 ಗಾತ್ರದ ಸೂಜಿ

ಬೂಟಿನ ಮೇಲ್ಭಾಗಕ್ಕೆ ಟೆಕ್ಸ್ 70 ಅಥವಾ ಟೆಕ್ಸ್ 90ರ ನೈಲಾನ್ ಅಥವಾ ಪಾಲಿಯೆಸ್ಟರ್ ದಾರವು ಸಾಮಾನ್ಯವಾಗಿ ಸಾಕು. ಹತ್ತಿ ದಾರವು ತೇವಕ್ಕೆ ಬೇಗ ಜೀರ್ಣವಾಗುತ್ತದೆ. ಒಂದು ಇಂಚಿಗೆ 8ರಿಂದ 12 ಹೊಲಿಗೆಗಳು ಯೋಗ್ಯ. ಬಟ್ಟೆಯಲ್ಲಿ ಹೊಲಿಗೆ ಬಿಚ್ಚಿದರೆ ರಂಧ್ರ ಮುಚ್ಚಿಕೊಳ್ಳಬಹುದು. ಚರ್ಮದಲ್ಲಿ ಬಿದ್ದ ರಂಧ್ರವು ಶಾಶ್ವತ. ಅತಿ ಒತ್ತಾಗಿ ಹೊಲಿದಲ್ಲಿ ಚರ್ಮವು ಅಂಚೆ ಚೀಟಿಯ ಹಾಗೆ ರಂಧ್ರಗಳ ಸಾಲಿನಲ್ಲಿಯೇ ಹರಿಯುತ್ತದೆ.

6. ಖರೀದಿಗೆ ಮುನ್ನ ಪರಿಶೀಲನೆ

ಯಂತ್ರವನ್ನು ನೋಡಲು ಹೋಗುವಾಗ ತಾವು ಬಳಸುವ ಚರ್ಮದ ತುಂಡುಗಳು, ದಾರ, ಹೊಸ ಸೂಜಿಗಳು, ಟಾರ್ಚು ಮತ್ತು ಅಳತೆಪಟ್ಟಿಯನ್ನು ಕೊಂಡೊಯ್ಯತಕ್ಕದ್ದು. ಮಾರಾಟಗಾರರು ಬಟ್ಟೆಯ ಮೇಲೆ ಹೊಲಿದು ತೋರಿಸುವುದನ್ನು ಪರೀಕ್ಷೆಯೆಂದು ಪರಿಗಣಿಸಲಾಗದು.

6.1 ನಿಂತಿರುವಾಗ ನೋಡಬೇಕಾದವು

ಕ) ಎರಕದ ದೇಹದಲ್ಲಿ ಬಿರುಕು ಅಥವಾ ಬೆಸುಗೆಯ ಗುರುತು ಇದೆಯೇ ಎಂದು ನೋಡುವುದು. ತೋಳು ಅಥವಾ ತಳದಲ್ಲಿ ಬಿರುಕಿದ್ದಲ್ಲಿ ಯಂತ್ರವನ್ನು ಕೈಬಿಡುವುದೇ ಲೇಸು. ಹೊಸ ಬಣ್ಣವು ಸುಸ್ಥಿತಿಗೆ ಪುರಾವೆಯಲ್ಲ.

ಖ) ಕೈಚಕ್ರವನ್ನು ನಿಧಾನವಾಗಿ ಪೂರ್ಣ ಸುತ್ತು ತಿರುಗಿಸುವುದು. ಎಲ್ಲಾದರೂ ಬಿಗಿಯಾದಲ್ಲಿ ಒಣಗಿದ ಎಣ್ಣೆ, ಸಿಲುಕಿದ ದಾರ ಅಥವಾ ಬಾಗಿದ ಭಾಗ ಕಾರಣವಾಗಿರಬಹುದು. ಮೊದಲೆರಡು ಸ್ವಚ್ಛತೆಯಿಂದ ಸರಿಹೋಗುತ್ತವೆ, ಮೂರನೆಯದು ಹಾಗಲ್ಲ.

ಗ) ಸೂಜಿದಂಡವನ್ನು ಬೆರಳಿನಿಂದ ಅತ್ತಿತ್ತ ಅಲುಗಾಡಿಸುವುದು. ಸ್ಪಷ್ಟವಾಗಿ ಅಲುಗಾಡಿದಲ್ಲಿ ಸವೆತ ಹೆಚ್ಚಿದೆ ಎಂದು ತಿಳಿಯತಕ್ಕದ್ದು.

ಘ) ಟಾರ್ಚಿನ ಬೆಳಕಿನಲ್ಲಿ ಹುಕ್ಕಿನ ಮೊನೆಯನ್ನು ನೋಡುವುದು. ಸೂಜಿಯು ಕೆಳಗಿನ ಕೊನೆಯಿಂದ ತುಸು ಮೇಲೆದ್ದಾಗ ಹುಕ್ಕಿನ ಮೊನೆಯು ಸೂಜಿಕಣ್ಣಿಗೆ ಸ್ವಲ್ಪ ಮೇಲೆ, ಸೂಜಿಗೆ ತಾಗದಂತೆ ಹಾದುಹೋಗಬೇಕು. ಹೊಂದಾಣಿಕೆ ತಪ್ಪಿದ್ದಲ್ಲಿ ಸರಿಪಡಿಸಬಹುದು; ಮೊನೆಯು ಮುರಿದಿದ್ದಲ್ಲಿ ಹುಕ್ಕನ್ನೇ ಬದಲಿಸಬೇಕಾಗುತ್ತದೆ.

ಙ) ಬಾಬಿನ್, ಬಾಬಿನ್ ಕೇಸು, ಸೂಜಿ ತಟ್ಟೆ ಮತ್ತು ಒತ್ತು ಪಾದ ಇವೆಯೇ ಎಂದು ಎಣಿಸಿ ನೋಡುವುದು. ಹಳೆಯ ಮಾದರಿಗಳಲ್ಲಿ ಇವುಗಳ ಕೊರತೆಯಿಂದಲೇ ಯಂತ್ರವು ತಿಂಗಳುಗಟ್ಟಲೆ ನಿಲ್ಲುವುದುಂಟು.

6.2 ಹೊಲಿದು ನೋಡಬೇಕಾದವು

ಮೊದಲು ಎರಡು ಪದರ ಚರ್ಮದ ಮೇಲೆ ನೇರ ಸಾಲು. ನಂತರ ಎರಡು ಪದರದಿಂದ ನಾಲ್ಕು ಪದರಕ್ಕೆ ಏರಿ ಮತ್ತೆ ಇಳಿಯುವ ಸಾಲು. ಕೊನೆಗೆ ರೂಪಾಯಿ ನಾಣ್ಯದ ಸುತ್ತಳತೆಯ ತಿರುವು, ಹೀಗೆ ಮೂರು ಪರೀಕ್ಷೆಗಳನ್ನು ಮಾಡುವುದು. ಇವುಗಳನ್ನು ಮೊದಲು ಕೈಚಕ್ರದಿಂದಲೂ ಅನಂತರ ಮೋಟಾರಿನಿಂದಲೂ ಮಾಡಬೇಕು.

ಎರಡು ದಾರಗಳು ಹೆಣೆದುಕೊಳ್ಳುವ ಗಂಟು ಚರ್ಮದ ದಪ್ಪದ ನಡುವೆ ಅಡಗಿರಬೇಕು. ಕೆಳಗೆ ಕುಣಿಕೆಗಳು ಕಂಡಲ್ಲಿ ಮೇಲಿನ ದಾರದ ಬಿಗಿ ಕಡಿಮೆ ಎಂದರ್ಥ. ಇದು ಹೊಂದಿಸಬಹುದಾದ ಸಂಗತಿ. ಏರಿಕೆಯಲ್ಲಿ ಹೊಲಿಗೆ ತಪ್ಪಿದಲ್ಲಿ ಹೊಸ ಸೂಜಿ ಹಾಕಿ ಮತ್ತೊಮ್ಮೆ ನೋಡಬೇಕು. ಆಗಲೂ ತಪ್ಪಿದಲ್ಲಿ ಆ ಯಂತ್ರವು ಬೂಟಿನ ಕೆಲಸಕ್ಕೆ ಸಿದ್ಧವಿಲ್ಲ. ತೇಪೆ ಯಂತ್ರದಲ್ಲಿ ಹೊಲಿಗೆಯ ಉದ್ದವನ್ನು ಗರಿಷ್ಠಕ್ಕೆ ಇಟ್ಟು ಒಂದು ಇಂಚಿನಲ್ಲಿ ಎಷ್ಟು ಹೊಲಿಗೆ ಬೀಳುತ್ತದೆ ಎಂದು ಎಣಿಸಬೇಕು. ಎಳೆಯುವ ಭಾಗಗಳು ಸವೆದಷ್ಟೂ ಹೊಲಿಗೆಯು ಕಿರಿದಾಗುತ್ತದೆ. ಗರಿಷ್ಠ ಉದ್ದದಲ್ಲಿಯೂ ಇಂಚಿಗೆ 12ಕ್ಕಿಂತ ಹೆಚ್ಚು ಹೊಲಿಗೆ ಬೀಳುವ ಯಂತ್ರವು ಬೂಟಿಗೆ ಪ್ರಯೋಜನವಿಲ್ಲ. ಪಾದವನ್ನು ನಾಲ್ಕೂ ದಿಕ್ಕಿಗೆ ತಿರುಗಿಸಿ ಹೊಲಿದು, ಉದ್ದವು ಒಂದೇ ಆಗಿದೆಯೇ ಎಂದೂ ನೋಡತಕ್ಕದ್ದು.

6.3 ಮೋಟಾರು

ಮನೆಯಲ್ಲಿರುವುದು ಏಕ ಹಂತದ 230 ವೋಲ್ಟ್ ಸಂಪರ್ಕವಾಗಿದ್ದಲ್ಲಿ, ಕಾರ್ಖಾನೆಯಿಂದ ಬಂದ ಮೂರು ಹಂತದ ಮೋಟಾರು ಉಪಯೋಗಕ್ಕೆ ಬಾರದು. ಹಳೆಯ ಕ್ಲಚ್ ಮೋಟಾರು ಸ್ವಿಚ್ ಹಾಕಿದಾಗಿನಿಂದ ತಿರುಗುತ್ತಲೇ ಇರುತ್ತದೆ ಮತ್ತು ಹೊಸಬರ ಪಾದಕ್ಕೆ ಒಮ್ಮೆಗೇ ವೇಗ ನೀಡುತ್ತದೆ. ಸರ್ವೋ ಮೋಟಾರಿನ ವೇಗವನ್ನು ತಗ್ಗಿಸಿ ಇಡಬಹುದು. ಹೊಲಿಯುವಾಗ ಮಾತ್ರ ಅದು ತಿರುಗುವುದರಿಂದ ವಿದ್ಯುತ್ತೂ ಉಳಿಯುತ್ತದೆ. ಬೆಲ್ಟಿಗೆ ರಕ್ಷಣಾ ಕವಚ ಮತ್ತು ಮೇಜಿಗೆ ಭೂಸಂಪರ್ಕ ಇರುವುದನ್ನು ಖಚಿತಪಡಿಸಿಕೊಳ್ಳತಕ್ಕದ್ದು.

7. ನೈಜ ವೆಚ್ಚದ ಲೆಕ್ಕ

ಎರಡು ಯಂತ್ರಗಳನ್ನು ಹೋಲಿಸುವಾಗ ಎಲ್ಲ ವೆಚ್ಚಗಳನ್ನೂ ಸೇರಿಸಿ ನೋಡತಕ್ಕದ್ದು. ಕೆಳಗಿನ ಅಂಕಿಗಳು ಲೆಕ್ಕದ ವಿಧಾನವನ್ನು ತಿಳಿಸಲು ನೀಡಿದ ಉದಾಹರಣೆ ಮಾತ್ರ, ಮಾರುಕಟ್ಟೆ ದರಗಳಲ್ಲ.

ಯಂತ್ರ ಅ (ತಲೆ ಭಾಗ ಮಾತ್ರ): ಬೆಲೆ ರೂ. 9,000, ಸಾಗಣೆ ರೂ. 1,500, ಹುಕ್ಕು ಮತ್ತು ಬಾಬಿನ್ ಕೇಸು ರೂ. 3,500, ಮೇಜು ಮತ್ತು ಮೋಟಾರು ರೂ. 6,500. ಒಟ್ಟು ರೂ. 20,500.

ಯಂತ್ರ ಆ (ಮೇಜು, ಮೋಟಾರು ಸಹಿತ): ಬೆಲೆ ರೂ. 16,000; ಸಾಗಣೆ ರೂ. 700, ಸ್ವಚ್ಛತೆ ಮತ್ತು ಹೊಂದಾಣಿಕೆ ರೂ. 1,200. ಒಟ್ಟು ರೂ. 17,900.

ರೂ. 7,000 ಅಗ್ಗವೆಂದು ಕಂಡ ಯಂತ್ರವು ಕೊನೆಗೆ ರೂ. 2,600 ದುಬಾರಿಯಾಯಿತು. ಬಿಡಿಭಾಗಕ್ಕಾಗಿ ಕಾಯುವ ದಿನಗಳ ಗಳಿಕೆಯ ನಷ್ಟವು ಈ ಲೆಕ್ಕದಲ್ಲಿ ಸೇರಿಲ್ಲ. ಕೈಯಲ್ಲಿರುವ ಹಣವನ್ನೆಲ್ಲ ಯಂತ್ರಕ್ಕೆ ಹಾಕದೆ, ಚರ್ಮ, ದಾರ ಮತ್ತು ಕಾಲಿನ ಅಚ್ಚುಗಳಿಗಾಗಿ ಒಂದು ಭಾಗವನ್ನು ತೆಗೆದಿರಿಸುವುದು ಅವಶ್ಯ.

8. ದಾಖಲೆಗಳು

ಬಳಸಿದ ಯಂತ್ರವನ್ನು ಖಾಸಗಿಯವರಿಂದ ಕೊಳ್ಳುವಾಗಲೂ ಲಿಖಿತ ರಸೀದಿಯನ್ನು ಪಡೆಯತಕ್ಕದ್ದು. ಅದರಲ್ಲಿ ಮಾರಾಟಗಾರರ ಹೆಸರು ಮತ್ತು ವಿಳಾಸ, ಯಂತ್ರದ ತಯಾರಿಕೆ, ಮಾದರಿ, ದೇಹದ ಮೇಲೆ ಕೆತ್ತಿರುವ ಕ್ರಮ ಸಂಖ್ಯೆ, ಜೊತೆಗೆ ನೀಡಿದ ಭಾಗಗಳ ಪಟ್ಟಿ, ಬೆಲೆ ಮತ್ತು ದಿನಾಂಕ ನಮೂದಾಗಿರಬೇಕು. ದೋಷ ಕಂಡಲ್ಲಿ ಹಿಂದಿರುಗಿಸಲು ಅವಧಿಯನ್ನು ಒಪ್ಪಿಕೊಂಡಿದ್ದಲ್ಲಿ ಅದನ್ನೂ ಬರೆಯಿಸಿಕೊಳ್ಳಬೇಕು.

ಮಾರಾಟಗಾರರು ಆ ಯಂತ್ರವನ್ನು ಬ್ಯಾಂಕ್ ಸಾಲದಿಂದ ಕೊಂಡಿದ್ದು ಸಾಲ ತೀರಿರದಿದ್ದಲ್ಲಿ, ಯಂತ್ರದ ಮೇಲೆ ಬ್ಯಾಂಕಿನ ಹಕ್ಕು ಉಳಿದಿರುತ್ತದೆ. ಅಂತಹ ಸಂದರ್ಭದಲ್ಲಿ ಬ್ಯಾಂಕಿನ ನಿರಾಕ್ಷೇಪಣಾ ಪತ್ರವಿಲ್ಲದೆ ಹಣ ಪಾವತಿಸಬಾರದು.

9. ಆರ್ಥಿಕ ನೆರವು ಕುರಿತು ಗಮನಿಸಬೇಕಾದ ಅಂಶಗಳು

ಕೇಂದ್ರ ಸರ್ಕಾರವು 17-09-2023ರಂದು ಆರಂಭಿಸಿದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ವೃತ್ತಿಗಳಲ್ಲಿ ಪಾದರಕ್ಷೆ ತಯಾರಿಕೆಯೂ ಸೇರಿದೆ. ಯೋಜನೆಯಡಿ ರೂ. 15,000ವರೆಗೆ ಪರಿಕರ ಪ್ರೋತ್ಸಾಹ, ತರಬೇತಿ ಅವಧಿಯಲ್ಲಿ ದಿನಕ್ಕೆ ರೂ. 500 ಶಿಷ್ಯವೇತನ, ಹಾಗೂ ಶೇ. 5ರ ಬಡ್ಡಿ ದರದಲ್ಲಿ ಮೊದಲ ಕಂತಾಗಿ ರೂ. 1 ಲಕ್ಷ, ಎರಡನೆಯ ಕಂತಾಗಿ ರೂ. 2 ಲಕ್ಷದವರೆಗೆ ಆಧಾರರಹಿತ ಸಾಲಕ್ಕೆ ಅವಕಾಶವಿದೆ. ನೋಂದಣಿಯನ್ನು ಸಾಮಾನ್ಯ ಸೇವಾ ಕೇಂದ್ರಗಳ ಮೂಲಕ ಮಾಡಲಾಗುತ್ತದೆ.

ಪರಿಕರ ಪ್ರೋತ್ಸಾಹವು ನಗದಾಗಿ ಬಾರದೆ ಇ-ವೋಚರ್ ರೂಪದಲ್ಲಿ ದೊರೆಯುವುದರಿಂದ, ಅದನ್ನು ನಂಬಿ ಖಾಸಗಿ ಮಾರಾಟಗಾರರಿಗೆ ಮುಂಗಡ ನೀಡಬಾರದು. ಮುದ್ರಾ ಯೋಜನೆಯ ಶಿಶು ವರ್ಗದಡಿ ರೂ. 50,000ವರೆಗೆ ಸಾಲ ದೊರೆಯುತ್ತದೆ. ಆದರೆ ಮುದ್ರಾ ಸಾಲವು ಬಾಕಿ ಇರುವವರು, ಅದನ್ನು ಪೂರ್ಣವಾಗಿ ಮರುಪಾವತಿಸುವವರೆಗೆ, ವಿಶ್ವಕರ್ಮ ಯೋಜನೆಯ ಪ್ರಯೋಜನ ಪಡೆಯಲು ತೊಡಕಾಗುತ್ತದೆ. ಆದುದರಿಂದ ಯಂತ್ರಕ್ಕಾಗಿ ಆತುರದಿಂದ ಒಂದು ಸಾಲವನ್ನು ಪಡೆದು ಇನ್ನೊಂದು ಸೌಲಭ್ಯದಿಂದ ವಂಚಿತರಾಗದಂತೆ, ಎರಡನ್ನೂ ವಿಚಾರಿಸಿದ ನಂತರವೇ ಅರ್ಜಿ ಸಲ್ಲಿಸತಕ್ಕದ್ದು.

10. ಸಾಮಾನ್ಯ ಪ್ರಶ್ನೆಗಳು

ಪ್ರಶ್ನೆ: ಯಂತ್ರವನ್ನು ಪರೀಕ್ಷಿಸಲು ಮಾರಾಟಗಾರರು ಒಪ್ಪದಿದ್ದಲ್ಲಿ?
ಉತ್ತರ: ಖರೀದಿಸಬಾರದು. ಮೋಟಾರು ಇಲ್ಲದಿದ್ದರೂ ಕೈಚಕ್ರದಿಂದ ಹತ್ತು ಹೊಲಿಗೆ ಹಾಕಿ ತೋರಿಸಬಹುದು.

ಪ್ರಶ್ನೆ: ತುಕ್ಕು ಹಿಡಿದ ಯಂತ್ರವನ್ನು ಕೊಳ್ಳಬಹುದೇ?
ಉತ್ತರ: ಮೇಲ್ಮೈಯ ತುಕ್ಕು ಅಷ್ಟಾಗಿ ಬಾಧಕವಲ್ಲ. ಹುಕ್ಕು, ಸೂಜಿದಂಡ ಮತ್ತು ಹಲ್ಲುಗಳಲ್ಲಿ ಗುಳಿ ಬಿದ್ದ ತುಕ್ಕಿದ್ದಲ್ಲಿ ಕೊಳ್ಳಬಾರದು.

ಪ್ರಶ್ನೆ: ಯಂತ್ರವಿಲ್ಲದೆ ಉದ್ಯೋಗ ಆರಂಭಿಸಬಹುದೇ?
ಉತ್ತರ: ಆರಂಭಿಸಬಹುದು. ಎರಡು ಸೂಜಿಗಳ ಕೈಹೊಲಿಗೆಯಲ್ಲಿ ಒಂದು ದಾರ ಕಡಿದರೂ ಇನ್ನೊಂದು ಹಿಡಿದಿರುತ್ತದೆ. ಅದು ನಿಧಾನವೇ ಹೊರತು ದುರ್ಬಲವಲ್ಲ. ಮೇಲ್ಭಾಗದ ಹೊಲಿಗೆಯನ್ನು ಯಂತ್ರವುಳ್ಳವರಿಂದ ಕೂಲಿಗೆ ಮಾಡಿಸಿಕೊಳ್ಳುವುದೂ ಮೊದಲ ಕೆಲವು ತಿಂಗಳುಗಳಿಗೆ ಲಾಭದಾಯಕ.

11. ಹೆಚ್ಚಿನ ಮಾಹಿತಿ

ಸ್ವಯಂ ಉದ್ಯೋಗ ಯೋಜನೆಗಳ ಕುರಿತು ಆಯಾ ಜಿಲ್ಲೆಯ ಜಿಲ್ಲಾ ಕೈಗಾರಿಕಾ ಕೇಂದ್ರವನ್ನು, ಚರ್ಮ ಕುಶಲಕರ್ಮಿಗಳಿಗೆ ಸಂಬಂಧಿಸಿದ ಸೌಲಭ್ಯಗಳಿಗಾಗಿ 1976ರಲ್ಲಿ ಸ್ಥಾಪನೆಯಾದ, ಲಿಡ್ಕರ್ ಎಂದು ಪರಿಚಿತವಾಗಿರುವ ಡಾ. ಬಾಬು ಜಗಜೀವನ್ ರಾಮ್ ಚರ್ಮ ಕೈಗಾರಿಕಾ ಅಭಿವೃದ್ಧಿ ನಿಗಮವನ್ನು ಸಂಪರ್ಕಿಸಬಹುದು.

ಸೂಚನೆ: ಮೇಲೆ ಹೆಸರಿಸಿದ ತಯಾರಿಕೆ ಮತ್ತು ಮಾದರಿಗಳು ಉದಾಹರಣೆಗಳು ಮಾತ್ರ, ಯಾವುದೇ ತಯಾರಕರನ್ನು ಅಥವಾ ಮಾರಾಟಗಾರರನ್ನು ಶಿಫಾರಸು ಮಾಡಿರುವುದಿಲ್ಲ. ಯೋಜನೆಗಳ ನಿಯಮಗಳು ಬದಲಾಗಬಹುದಾದ್ದರಿಂದ ಅರ್ಜಿ ಸಲ್ಲಿಸುವ ದಿನದಂದು ಜಾರಿಯಲ್ಲಿರುವ ಆದೇಶಗಳನ್ನು ಪರಿಶೀಲಿಸಲು ಕೋರಲಾಗಿದೆ.